ಕಡಲಿಗೆ ಎಣ್ಣೆ ಬಿದ್ದರೆ ಹೊಣೆ ಯಾರದು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಗೆ ಕಡಲು ಬಲು ದೂರ. ಈ ತಾಲ್ಲೂಕುಗಳ ಎಷ್ಟೋ ವಿದ್ಯಾರ್ಥಿಗಳು ಸಮುದ್ರವನ್ನು ಕಂಡಿರುವುದು ದೂರದರ್ಶನದ ಪರದೆಯ ಮೇಲೆ ಮಾತ್ರ. ಆದರೂ ಕಡಲಿಗೆ ಎಣ್ಣೆ ಬಿದ್ದ ಕಥೆಯನ್ನು ಈ ಬಯಲು ಸೀಮೆಯಿಂದಲೇ ಆರಂಭಿಸುವುದಕ್ಕೆ ಕಾರಣವಿದೆ. 2000ದ ದಶಕದಲ್ಲಿ ಸಂಡೂರು–ಹೊಸಪೇಟೆ ಭಾಗದ ಕಬ್ಬಿಣದ ಅದಿರು ಲಾರಿಗಳಲ್ಲಿ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅಂಕೋಲೆಯ ಕಡೆಗೆ ಹೋಗುತ್ತಿತ್ತು. ಬೇಲೆಕೇರಿ, ಕಾರವಾರದಂಥ ಸಣ್ಣ ಬಂದರುಗಳ ಎದುರು ದೊಡ್ಡ ದೊಡ್ಡ ಹಡಗುಗಳು ಲಂಗರು ಹಾಕತೊಡಗಿದವು. ಅದಿರಿನ ಲೆಕ್ಕವನ್ನು ಆಮೇಲೆ ಲೋಕಾಯುಕ್ತರು ಕೇಳಿದರು. ಆ ಹಡಗುಗಳ ಹೊಟ್ಟೆಯಲ್ಲಿದ್ದ ಇಂಧನದ ಲೆಕ್ಕವನ್ನು ಕೇಳಿದವರು ಕಡಿಮೆ.

2006ರ ಮೇ 30ರಂದು ‘ಎಂ.ವಿ. ಓಷನ್ ಸೆರಾಯಾ’ ಎಂಬ ಹಡಗು ಕಾರವಾರದ ಎದುರಿನ ಆಯ್ಸ್ಟರ್ ರಾಕ್ಸ್ ಬಂಡೆಗಳ ಬಳಿ ನೆಲಕಚ್ಚಿತು. 1864ರ ದೀಪಸ್ತಂಭವಿರುವ ದೇವಗಡ ದ್ವೀಪ ಇರುವುದೂ ಅಲ್ಲಿಯೇ. ಹಡಗಿನಲ್ಲಿ ಸುಮಾರು 650 ಟನ್ ಇಂಧನ ತೈಲವಿತ್ತು. ಮಳೆಗಾಲದ ಅಲೆಗಳು ಆಗಷ್ಟೇ ಏಳತೊಡಗಿದ್ದವು. ಸೋರಿದ ಎಣ್ಣೆ ಕಾರವಾರದ ತೀರವನ್ನು ಮುಟ್ಟಿತು, ಅಲ್ಲಿಂದ ಗೋವಾದ ದಕ್ಷಿಣದ ಕಡಲತೀರಗಳನ್ನೂ ತಲುಪಿತು. ರಾಜ್ಯದ ಗಡಿ ನೀರಿಗೆ ತಿಳಿಯುವುದಿಲ್ಲವಷ್ಟೆ.

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಹಡಗಿನ ಎಂಜಿನ್ನಿನಲ್ಲಿ ಉರಿಯುವ ಫರ್ನೇಸ್ ಆಯಿಲ್ ಎಂದರೆ ಕಚ್ಚಾತೈಲದಿಂದ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್‌ಗಳನ್ನೆಲ್ಲ ಬಟ್ಟಿ ಇಳಿಸಿ ತೆಗೆದ ಮೇಲೆ ಉಳಿಯುವ ಗಟ್ಟಿ ಶೇಷ. ಪೆಟ್ರೋಲ್ ಚೆಲ್ಲಿದರೆ ಬಹುಪಾಲು ಬೇಗ ಆವಿಯಾಗುತ್ತದೆ. ಇದು ಆವಿಯಾಗುವುದು ತೀರ ಕಡಿಮೆ. ನೀರಿನೊಡನೆ ಕಡೆದು ಕಂದು ಲೇಪದಂತಾಗಿ, ಕೊನೆಗೆ ಡಾಂಬರಿನ ಉಂಡೆಗಳಾಗಿ ಮರಳಿಗೆ ಬಂದು ಬೀಳುತ್ತದೆ. ತೇಲುವ ತಡೆಬೇಲಿ ಕಟ್ಟಿ ಎಣ್ಣೆಯನ್ನು ಒಂದೆಡೆ ಕೂಡಿಸಿ, ಮೇಲಿನಿಂದ ಬಳಿದು ತೆಗೆಯುವುದು ಉತ್ತಮ ವಿಧಾನ. ಆದರೆ ಮುಂಗಾರಿನ ಕಡಲಿನಲ್ಲಿ ಆ ಬೇಲಿ ನಿಲ್ಲುವುದು ಕಷ್ಟ. ಅಲೆ ಅದರ ಮೇಲೆಯೇ ಹಾಯುತ್ತದೆ.

ಹಾಗಾದರೆ ಬಳಿಯಬೇಕಾದವರು ಯಾರು? ಉತ್ತರ ಒಂದಲ್ಲ. 1978ರ ಕೋಸ್ಟ್ ಗಾರ್ಡ್ ಕಾಯಿದೆ ಸಮುದ್ರ ಪರಿಸರದ ರಕ್ಷಣೆಯನ್ನು, ಮಾಲಿನ್ಯದ ನಿಯಂತ್ರಣವನ್ನು ಆ ಪಡೆಯ ಕರ್ತವ್ಯಗಳಲ್ಲಿ ಸೇರಿಸಿತು. 1986ರಲ್ಲಿ ತೈಲ ಸೋರಿಕೆಯ ಕಾರ್ಯಾಚರಣೆಯ ಸಮನ್ವಯವೂ ಅದಕ್ಕೇ ಬಂದಿತು. 1996ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ಯೋಜನೆ ಕೆಲಸವನ್ನು ಹಂಚಿಕೊಟ್ಟಿತು: ಕಡಲಿನಲ್ಲಿ ಕೋಸ್ಟ್ ಗಾರ್ಡ್, ಬಂದರಿನೊಳಗೆ ಬಂದರು ಆಡಳಿತ, ಎಣ್ಣೆ ತೀರಕ್ಕೆ ಬಂದ ಮೇಲೆ ರಾಜ್ಯ ಸರ್ಕಾರ. ಸೋರಿಕೆ 700 ಟನ್‌ವರೆಗೆ ಇದ್ದರೆ ಅದು ಮೊದಲನೆಯ ಹಂತ, ಸ್ಥಳೀಯ ಸಾಧನಗಳಿಂದಲೇ ಎದುರಿಸತಕ್ಕದ್ದು. ಓಷನ್ ಸೆರಾಯಾದ ಎಣ್ಣೆಯೆಲ್ಲ ಕಡಲಿಗೆ ಬಿದ್ದರೂ ಈ ಲೆಕ್ಕದಲ್ಲಿ ಅದು ಸಣ್ಣ ಸೋರಿಕೆಯೇ! ಕಾಳಿ ನದಿ ಕಡಲಿಗೆ ಸೇರುವಲ್ಲಿ ಬದುಕುವ ಏಡಿ, ಸಿಗಡಿ, ಮೀನುಮರಿಗಳಿಗೆ ಈ ಹಂತಗಳ ಲೆಕ್ಕ ಗೊತ್ತಿಲ್ಲ.

ಬಳಿಯುವ ಹೊಣೆ ಬೇರೆ, ತೆರುವ ಹೊಣೆ ಬೇರೆ. ಎರಡನೆಯದರ ಇತಿಹಾಸ ಇನ್ನೂ ಸ್ವಾರಸ್ಯವಾದದ್ದು. 1967ರ ಮಾರ್ಚ್ 18ರಂದು ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ‘ಟೋರಿ ಕ್ಯಾನಿಯನ್’ ಎಂಬ ಟ್ಯಾಂಕರು ಬಂಡೆಗೆ ಬಡಿಯಿತು. ಅದರಲ್ಲಿದ್ದದ್ದು ಸುಮಾರು 1,20,000 ಟನ್ ಕಚ್ಚಾತೈಲ. ಬ್ರಿಟಿಷ್ ಸರ್ಕಾರ ವಿಮಾನಗಳಿಂದ ಬಾಂಬು ಹಾಕಿ ಅದನ್ನು ಸುಡಲು ನೋಡಿತು. ದಡದಲ್ಲಿ ಸುರಿದ ಮಾರ್ಜಕ ಎಣ್ಣೆಗಿಂತ ಹೆಚ್ಚು ಜೀವಿಗಳನ್ನು ಕೊಂದಿತೆಂದು ಆಮೇಲೆ ತಿಳಿಯಿತು. ಪರಿಹಾರ ಕೇಳೋಣವೆಂದರೆ ಮಾಲೀಕ ಕಂಪನಿ ಒಂದು ದೇಶದ್ದು, ಬಾವುಟ ಇನ್ನೊಂದು ದೇಶದ್ದು. ಕೊನೆಗೆ ಅದರ ಸೋದರಿ ಹಡಗು ‘ಲೇಕ್ ಪಲೂರ್ಡ್’ ಸಿಂಗಪುರದಲ್ಲಿ ಸಿಕ್ಕಿದಾಗ ಅಲ್ಲಿ ಅದಕ್ಕೆ ನ್ಯಾಯಾಲಯದ ಆದೇಶವನ್ನು ಅಂಟಿಸಿ ತಡೆಹಿಡಿಯಬೇಕಾಯಿತು. ಬ್ರಿಟನ್, ಫ್ರಾನ್ಸ್‌ಗಳೆರಡಕ್ಕೂ ಕೂಡಿ ದೊರೆತದ್ದು 30 ಲಕ್ಷ ಪೌಂಡು.

ಈ ಅನುಭವದಿಂದ 1969ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಹುಟ್ಟಿತು. ತಪ್ಪು ಯಾರದೆಂದು ಸಾಧಿಸುವ ಅಗತ್ಯವಿಲ್ಲದೆಯೇ ಹಡಗಿನ ಮಾಲೀಕನೇ ಹೊಣೆ. 2,000 ಟನ್‌ಗಿಂತ ಹೆಚ್ಚು ತೈಲ ಹೊರುವ ಹಡಗಿಗೆ ವಿಮೆ ಕಡ್ಡಾಯ. ಭಾರತವೂ ಈ ತತ್ವವನ್ನು ತನ್ನ 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯಿದೆಗೆ ತಿದ್ದುಪಡಿ ತಂದು ಸೇರಿಸಿಕೊಂಡಿತು. ಆದರೆ ಒಪ್ಪಂದ ಬರೆದವರ ಕಣ್ಣಮುಂದೆ ಇದ್ದದ್ದು ಟ್ಯಾಂಕರು, ಅಂದರೆ ಎಣ್ಣೆಯನ್ನೇ ಸರಕಾಗಿ ಹೊರುವ ಹಡಗು. ಓಷನ್ ಸೆರಾಯಾ ಟ್ಯಾಂಕರಲ್ಲ. ಅದಿರು, ಕಲ್ಲಿದ್ದಲಿನಂಥ ಸರಕು ಸಾಗಿಸುವ ಜಾತಿಯ ಹಡಗು. ಅದರ ಎಣ್ಣೆ ಸರಕಲ್ಲ, ಇಂಧನ. ಇಂಥ ಇಂಧನಕ್ಕಾಗಿಯೇ 2001ರಲ್ಲಿ ‘ಬಂಕರ್ ಒಪ್ಪಂದ’ ಸಿದ್ಧವಾಗಿತ್ತು. ಅದು ಜಾರಿಗೆ ಬಂದದ್ದು 2008ರ ನವೆಂಬರಿನಲ್ಲಿ, ಕಾರವಾರದ ಅಪಘಾತವಾಗಿ ಎರಡು ವರ್ಷ ಕಳೆದ ಮೇಲೆ. ಅದನ್ನು ಸೇರಲು ನಮ್ಮ ಕೇಂದ್ರ ಸಚಿವ ಸಂಪುಟ ಒಪ್ಪಿದ್ದು 2015ರಲ್ಲಿ. 1958ರ ಕಾಯಿದೆಯ ಜಾಗಕ್ಕೆ ಹೊಸ ಮರ್ಚೆಂಟ್ ಶಿಪ್ಪಿಂಗ್ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿದ್ದು 2025ರಲ್ಲಿ. ಅದಿರು ಮಾತ್ರ ಯಾವ ಕಾಯಿದೆಗೂ ಕಾಯದೆ ಹೋಗಿಯಾಗಿತ್ತು.

ಈ ನಡುವೆ ನ್ಯಾಯಾಲಯಗಳು ಸುಮ್ಮನಿರಲಿಲ್ಲ. 2011ರ ಆಗಸ್ಟಿನಲ್ಲಿ ಮುಂಬಯಿಯ ಬಳಿ ಕಲ್ಲಿದ್ದಲಿನೊಂದಿಗೆ ಮುಳುಗಿದ ‘ರಾಕ್ ಕ್ಯಾರಿಯರ್’ ಹಡಗಿನ ಪ್ರಕರಣದಲ್ಲಿ, ಕೆಡಿಸಿದವನೇ ತೆರಬೇಕೆಂಬ ತತ್ವವನ್ನು ಹಿಡಿದು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ 100 ಕೋಟಿ ರೂಪಾಯಿ ಪರಿಹಾರ ವಿಧಿಸಿತು. 2017ರ ಅಡ್ಮಿರಾಲ್ಟಿ ಕಾಯಿದೆ ಕರ್ನಾಟಕ ಹೈಕೋರ್ಟನ್ನೂ ಹಡಗುಗಳನ್ನು ತಡೆಹಿಡಿಯಬಲ್ಲ ನ್ಯಾಯಾಲಯಗಳ ಸಾಲಿನಲ್ಲಿ ಹೆಸರಿಸಿತು; ಪರಿಸರಕ್ಕೂ ಕರಾವಳಿಗೂ ಆದ ಹಾನಿಯನ್ನು ದಾವೆಗೆ ಆಧಾರವೆಂದು ಒಪ್ಪಿತು. 2025ರ ಮೇ ತಿಂಗಳಿನಲ್ಲಿ ಕೇರಳದ ಬಳಿ ‘ಎಂ.ಎಸ್.ಸಿ. ಎಲ್ಸಾ 3’ ಮುಳುಗಿದಾಗ ಕೇರಳ ಹೈಕೋರ್ಟು ವಿಳಿಂಞಂ ಬಂದರಿನಲ್ಲಿದ್ದ ಅದರ ಸೋದರಿ ಹಡಗನ್ನು ತಡೆಹಿಡಿಯಲು ಆದೇಶಿಸಿತು. ಸಿಂಗಪುರದಲ್ಲಿ 1967ರಲ್ಲಿ ಮಾಡಿದ್ದೂ ಇದನ್ನೇ.

ನಮ್ಮ ಕರಾವಳಿಯಲ್ಲಿ 2022ರ ಜೂನಿನಲ್ಲಿ ‘ಪ್ರಿನ್ಸೆಸ್ ಮಿರಾಲ್’ ಹಡಗು ಉಳ್ಳಾಲದ ಬಳಿ ಮುಳುಗಿತು. ಅದರಲ್ಲಿದ್ದ ಸಿರಿಯಾದ 15 ಮಂದಿ ನಾವಿಕರನ್ನು ಕೋಸ್ಟ್ ಗಾರ್ಡ್ ಕಾಪಾಡಿತು. ಆಮೇಲೆ ಉಳಿದ ಭಯ ಮತ್ತೆ ಇಂಧನದ್ದೇ.

ಬಲೆ ಹಾಳಾದ ಮೀನುಗಾರ ಪರಿಹಾರ ಕೇಳಬೇಕಾದರೆ ತಡಮಾಡುವಂತಿಲ್ಲ. ಬಂಕರ್ ಒಪ್ಪಂದದ ಪ್ರಕಾರ ಹಾನಿಯಾದ ದಿನದಿಂದ ಮೂರು ವರ್ಷದೊಳಗೆ, ಹೇಗಿದ್ದರೂ ಅಪಘಾತದಿಂದ ಆರು ವರ್ಷದೊಳಗೆ ದಾವೆ ಹೂಡಬೇಕು. ಆಗ ನಷ್ಟವನ್ನು ತೋರಿಸಲು ದಾಖಲೆ ಬೇಕು: ಎಣ್ಣೆ ಬರುವುದಕ್ಕೆ ಮೊದಲು ದಿನಕ್ಕೆಷ್ಟು ಮೀನು ಹಿಡಿದ, ಎಷ್ಟಕ್ಕೆ ಮಾರಿದ ಎಂಬುದಕ್ಕೆ. ದಡದಲ್ಲಿಯೇ ಕೈಯಿಂದ ಕೈಗೆ ಮಾರುವವನ ಬಳಿ ಅಂಥ ಚೀಟಿ ಇರುವುದು ಅಪರೂಪ.