ಮಲಗಲು ಅನುಮತಿಯಿಲ್ಲದ ಮಹಡಿಗಳು: ಸೋಹೊ ಲಾಫ್ಟ್ ಬಾಡಿಗೆಯ ಚರಿತ್ರೆ

ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದಲ್ಲಿ ಹೌಸ್ಟನ್ ಬೀದಿಯ ದಕ್ಷಿಣಕ್ಕೆ ಹಬ್ಬಿರುವ, ಆ ದಿಕ್ಕಿನ ಗುರುತಿನಿಂದಲೇ 1960ರ ದಶಕದಿಂದೀಚೆಗೆ ಸೋಹೊ ಎನಿಸಿಕೊಂಡ ಬಡಾವಣೆಯಲ್ಲಿ, ಕಾರ್ಖಾನೆಗೆಂದು ಕಟ್ಟಿದ ಮಹಡಿಗಳನ್ನು ಬಾಡಿಗೆಗೆ ಹಿಡಿದು ವಾಸಿಸುವ ಪದ್ಧತಿ ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಬೆಳೆದು, ಮುಂದೆ ಜಗತ್ತಿನ ಅನೇಕ ನಗರಗಳಿಗೆ ಮಾದರಿಯಾಯಿತು. ಕರ್ನಾಟಕದ ಮನೆಗಳಲ್ಲಿ ಲಾಫ್ಟ್ ಎಂದರೆ ಹಳೆಯ ಪಾತ್ರೆ, ಸೂಟ್‌ಕೇಸುಗಳನ್ನು ಇಡಲು ಸೂರಿನ ಕೆಳಗೆ ಹಾಕಿಸುವ ಕಾಂಕ್ರೀಟ್ ಅಟ್ಟಣೆ. ಇಲ್ಲಿ ಹೇಳುವ ಲಾಫ್ಟ್ ಅದಲ್ಲ, ವ್ಯಾಪಾರದ ಅಥವಾ ಕೈಗಾರಿಕೆಯ ಕಟ್ಟಡದಲ್ಲಿ ಕೋಣೆಗಳಾಗಿ ವಿಂಗಡವಾಗದೆ ಒಂದೇ ಬಯಲಾಗಿ ಉಳಿದ ಇಡೀ ಮೇಲಂತಸ್ತು. ಈ ಬಾಡಿಗೆಯ ಚರಿತ್ರೆಯನ್ನು ಕಲಾವಿದರ ಚರಿತ್ರೆಯಾಗಿ ಹೇಳುವುದು ರೂಢಿ. ಆದರೆ ಅದರ ಕಾನೂನಿನ ಜಾಡು ಹಿಡಿದು ಹೋದರೆ ಕಾಣುವ ವ್ಯಾಜ್ಯ ಬೇರೆಯದು: ಮಾಲೀಕನು ಕೊಟ್ಟದ್ದು ಬರಿಯ ನೆಲ, ಗೋಡೆ, ಸೂರು; ಅದನ್ನು ಮನೆಯಾಗಿಸಿದ ನಲ್ಲಿ, ಕೊಳವೆ, ವಿದ್ಯುತ್ ತಂತಿ, ಅಡುಗೆಕಟ್ಟೆ, ಬಚ್ಚಲುಗಳೆಲ್ಲ ಬಾಡಿಗೆದಾರನ ಹಣದಿಂದಲೂ ಮೈಬೆವರಿನಿಂದಲೂ ಬಂದವು; ಹೀಗಿರುವಾಗ ಆ ಮನೆಯ ಬೆಲೆ ಯಾರಿಗೆ ಸೇರಬೇಕು?

ಈ ಪ್ರಶ್ನೆ ಹುಟ್ಟುವುದಕ್ಕೆ ಬಹಳ ಮೊದಲೇ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಗ್ರೀನ್, ಮರ್ಸರ್, ವೂಸ್ಟರ್, ಬ್ರೂಮ್ ಮೊದಲಾದ ಬೀದಿಗಳಲ್ಲಿ ಬಟ್ಟೆಯ ಸಗಟು ವ್ಯಾಪಾರಿಗಳೂ ತಯಾರಕರೂ ಐದಾರು ಅಂತಸ್ತಿನ ಕಟ್ಟಡಗಳನ್ನು ಎಬ್ಬಿಸಿದ್ದರು. ಇವುಗಳ ಮುಂಭಾಗ ಬೀಡುಕಬ್ಬಿಣದ್ದು. ಅಂದರೆ ಕಂಬ, ಕಮಾನು, ಹೂಬಳ್ಳಿಯ ಅಲಂಕಾರಗಳನ್ನೆಲ್ಲ ಅಚ್ಚಿನಲ್ಲಿ ಎರಕಹೊಯ್ದು, ಬಿಡಿಭಾಗಗಳಾಗಿ ತಂದು, ಸ್ಥಳದಲ್ಲೇ ಬೋಲ್ಟು ಹಾಕಿ ಜೋಡಿಸುತ್ತಿದ್ದರು, ಮೇಲೆ ಬಣ್ಣ ಬಳಿದರೆ ದೂರದಿಂದ ಕಲ್ಲಿನ ಕೆತ್ತನೆಯಂತೆಯೇ ಕಾಣುತ್ತಿತ್ತು. ಜೇಮ್ಸ್ ಬೊಗಾರ್ಡಸ್ ಮತ್ತು ಡೇನಿಯಲ್ ಬ್ಯಾಜರ್ ಈ ಉದ್ಯಮದ ಮೊದಲ ತಲೆಮಾರಿನ ಹೆಸರುಗಳು. ಬ್ರಾಡ್‌ವೇ ಮತ್ತು ಬ್ರೂಮ್ ಬೀದಿ ಕೂಡುವಲ್ಲಿ ಇಂದಿಗೂ ನಿಂತಿರುವ ಹಾವೌಟ್ ಕಟ್ಟಡದಲ್ಲಿ 1857ರಲ್ಲಿ ಎಲಿಷಾ ಓಟಿಸ್ ಪ್ರಯಾಣಿಕರ ಲಿಫ್ಟನ್ನು ಅಳವಡಿಸಿದ್ದು ಲಿಫ್ಟಿನ ಚರಿತ್ರೆಯಲ್ಲೇ ಒಂದು ಮೈಲಿಗಲ್ಲು. ಬಾಡಿಗೆಯ ದೃಷ್ಟಿಯಿಂದ ಮುಖ್ಯವಾದದ್ದು ಮಾತ್ರ ಹೊರಗಿನ ಅಲಂಕಾರವಲ್ಲ, ಒಳಗಿನ ಬಯಲು. ಭಾರವನ್ನು ಕಂಬಗಳು ಹೊರುತ್ತಿದ್ದುದರಿಂದ ಕಿಟಕಿಗಳನ್ನು ಆಳೆತ್ತರಕ್ಕೂ ಮೀರಿ ಇಡಬಹುದಾಗಿತ್ತು, ಅಡ್ಡಗೋಡೆಗಳ ಅಗತ್ಯವಿರಲಿಲ್ಲ. ನಿವೇಶನಗಳು ಸಾಮಾನ್ಯವಾಗಿ 25 ಅಡಿ ಅಗಲ, 100 ಅಡಿ ಉದ್ದ ಇರುತ್ತಿದ್ದುದರಿಂದ ಒಂದು ಮಹಡಿಯೆಂದರೆ ಸುಮಾರು 2,500 ಚದರಡಿಯ, ಎತ್ತರದ ಸೂರಿನ, ಹಿಂದೆ ಮುಂದೆ ಮಾತ್ರ ಬೆಳಕು ಬರುವ ಒಂದೇ ಕೋಣೆ.

ಇಂಥ ಮಹಡಿಗಳಲ್ಲಿ ಜನ ದುಡಿಯಬಹುದಿತ್ತು, ವಾಸಿಸುವಂತಿರಲಿಲ್ಲ. ಇದು ಅಧಿಕಾರಿಗಳ ಬರಿಯ ಹಟವಾಗಿರಲಿಲ್ಲ ಎಂಬುದನ್ನು ಒಪ್ಪಬೇಕು. ಸೋಹೊದ ಉತ್ತರಕ್ಕೆ ವಾಷಿಂಗ್ಟನ್ ಚೌಕದ ಬಳಿಯ ಲಾಫ್ಟ್ ಕಟ್ಟಡವೊಂದರ ಮೇಲಂತಸ್ತುಗಳಲ್ಲಿದ್ದ ಟ್ರಯಾಂಗಲ್ ಸಿದ್ಧ ಉಡುಪಿನ ಕಾರ್ಖಾನೆಗೆ 1911ರಲ್ಲಿ ಬೆಂಕಿ ಬಿದ್ದಾಗ 146 ಕಾರ್ಮಿಕರು ಸತ್ತರು; ಅವರಲ್ಲಿ ಹೆಚ್ಚಿನವರು ವಲಸೆ ಬಂದ ಯುವತಿಯರು, ಹೊರಬಾಗಿಲೊಂದಕ್ಕೆ ಬೀಗ ಹಾಕಿತ್ತು. ಸೋಹೊದ ಕಟ್ಟಡಗಳಲ್ಲಿಯೂ ಹೊರಗೆ ಕಬ್ಬಿಣವಿದ್ದರೂ ಒಳಗಿನ ತೊಲೆ, ನೆಲಹಾಸುಗಳು ಮರದವು, ದಾಸ್ತಾನು ಬಟ್ಟೆ, ಕಾಗದ, ಚಿಂದಿಯದು. ಅಗ್ನಿಶಾಮಕರು ಈ ಪ್ರದೇಶಕ್ಕೆ ಇಟ್ಟ ಅಡ್ಡಹೆಸರು ‘ನರಕದ ನೂರು ಎಕರೆ’. ಇದಲ್ಲದೆ 1929ರ ಬಹುಕುಟುಂಬ ವಾಸದ ಕಾಯಿದೆಯ ಪ್ರಕಾರ ಮೂರು ಅಥವಾ ಹೆಚ್ಚು ಸಂಸಾರಗಳು ಬೇರೆಬೇರೆಯಾಗಿ ವಾಸಿಸುವ ಕಟ್ಟಡ ನಿಗದಿಯಾದ ಸುರಕ್ಷತೆಯ ಮಟ್ಟವನ್ನು ಮುಟ್ಟಿ, ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರವನ್ನು, ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರು ‘ಓಸಿ’ ಎನ್ನುವಂಥದನ್ನು, ಪಡೆದಿರಬೇಕಾಗಿತ್ತು. ಲಾಫ್ಟುಗಳಿಗೆ ಅದಿರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಉದ್ಯಮಗಳು, ಸರಕಿನ ಲಿಫ್ಟಿಗೆ ಕಾಯಬೇಕಾದ, ಲಾರಿ ತಿರುಗಿಸಲು ಜಾಗವಿಲ್ಲದ ಈ ಬೀದಿಗಳನ್ನು ಬಿಟ್ಟು ಹೊರವಲಯದ ಒಂದಂತಸ್ತಿನ ಕಾರ್ಖಾನೆಗಳತ್ತ ಸರಿಯತೊಡಗಿದವು. ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಕಟ್ಟದೇ ಉಳಿದ ಒಂದು ರಸ್ತೆ. ನಗರ ನಿರ್ಮಾಣದಲ್ಲಿ ಸರ್ವಾಧಿಕಾರಿಯಂತಿದ್ದ ರಾಬರ್ಟ್ ಮೋಸೆಸ್ ಬ್ರೂಮ್ ಬೀದಿಯ ಗುಂಟ ಲೋವರ್ ಮ್ಯಾನ್‌ಹಟನ್ ಎಕ್ಸ್‌ಪ್ರೆಸ್‌ವೇ ಎಂಬ ಹೆದ್ದಾರಿಯನ್ನು ಒಯ್ಯಲು ಹೊರಟಿದ್ದನು. ಇಂದೋ ನಾಳೆಯೋ ಕೆಡವಲಿರುವ ಕಟ್ಟಡವನ್ನು ರಿಪೇರಿ ಮಾಡಿಸುವ ಮಾಲೀಕನಿರಲಿಲ್ಲ, ಅದರ ಮೇಲೆ ಸಾಲ ಕೊಡುವ ಬ್ಯಾಂಕೂ ಇರಲಿಲ್ಲ. ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ ಮೊದಲಾದವರ ದೀರ್ಘ ಪ್ರತಿಭಟನೆಯ ನಂತರ 1969ರಲ್ಲಿ ಮೇಯರ್ ಜಾನ್ ಲಿಂಡ್ಸೆ ಯೋಜನೆಯನ್ನು ಕೈಬಿಟ್ಟನು. ಆದರೆ ಅಷ್ಟರವರೆಗಿನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಅನಿಶ್ಚಯವೇ ಬಾಡಿಗೆಯನ್ನು ನೆಲಕ್ಕಿಳಿಸಿತ್ತು. ಸೋಹೊ ಕಲಾವಿದರಿಗೆ ಎಟುಕಿದ್ದಕ್ಕೆ ಅವರ ಸಾಹಸ ಎಷ್ಟು ಕಾರಣವೋ ಈ ಹೆದ್ದಾರಿಯ ನಕ್ಷೆಯೂ ಅಷ್ಟೇ ಕಾರಣ. ನಗರ ಯೋಜಕ ಚೆಸ್ಟರ್ ರ‍್ಯಾಪ್ಕಿನ್ 1963ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ, ಈ ಪ್ರದೇಶ ಸತ್ತಿಲ್ಲ, ಪೋರ್ಟೊರಿಕೋ ಮೂಲದವರಿಗೂ ಕಪ್ಪು ಜನಾಂಗದವರಿಗೂ ಕೆಲಸ ಕೊಡುವ ಸಣ್ಣ ಉದ್ದಿಮೆಗಳು ಇಲ್ಲಿ ಬದುಕಿವೆ, ಅವನ್ನು ಉಳಿಸಿಕೊಳ್ಳಬೇಕು ಎಂದು ವಾದಿಸಿದ್ದನು. ಕಟ್ಟಡಗಳು ಉಳಿದವು, ಆ ಉದ್ದಿಮೆಗಳು ಉಳಿಯಲಿಲ್ಲ. ಸೋಹೊದ ಜನಪ್ರಿಯ ಕಥನಗಳಲ್ಲಿ ಆ ಕಾರ್ಮಿಕರಿಗೆ ಸಿಕ್ಕಿರುವ ಜಾಗ ತೀರ ಕಡಿಮೆ.

ಲಾಫ್ಟನ್ನು ಬಾಡಿಗೆಗೆ ಪಡೆಯುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕರಾರುಪತ್ರ ವಾಣಿಜ್ಯದ್ದು, ಅದರಲ್ಲಿ ಮಹಡಿಯನ್ನು ಚಿತ್ರಶಾಲೆ ಅಥವಾ ಕೆಲಸದ ಜಾಗವೆಂದು ಬರೆದಿರುತ್ತಿತ್ತೇ ಹೊರತು ಮನೆಯೆಂದಲ್ಲ. ಹೀಗಾಗಿ ವಾಸದ ಮನೆಗಳ ಬಾಡಿಗೆಗೆ ನಗರವು ಹಾಕಿದ್ದ ಮಿತಿ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ, ಒಕ್ಕಲೆಬ್ಬಿಸುವುದರ ವಿರುದ್ಧ ರಕ್ಷಣೆಯೂ ಇರಲಿಲ್ಲ. ಕಚೇರಿಯ ಹೊತ್ತು ಮುಗಿದ ಮೇಲೆ, ವಾರಾಂತ್ಯದಲ್ಲಿ, ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರನ್ನು ಆರಿಸಿಬಿಡುತ್ತಿದ್ದರು. ನ್ಯೂಯಾರ್ಕಿನ ಜನವರಿಯಲ್ಲಿ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಗರದ ಕಸದ ಗಾಡಿ ವಾಣಿಜ್ಯ ಕಟ್ಟಡಗಳ ಕಸವನ್ನು ಒಯ್ಯುತ್ತಿರಲಿಲ್ಲವಾದ್ದರಿಂದ ಅದನ್ನು ಪೊಟ್ಟಣ ಕಟ್ಟಿ ಬೀದಿಯ ತೊಟ್ಟಿಗಳಿಗೆ ಸಾಗಿಸಬೇಕಾಗುತ್ತಿತ್ತು. ರಾತ್ರಿ ದೀಪ ಕಾಣದಂತೆ ಕಿಟಕಿಗೆ ಪರದೆ ಬಿಡುವುದು, ತನಿಖೆಯವರು ಬಂದಾಗ ಹಾಸಿಗೆಯನ್ನೂ ಒಲೆಯನ್ನೂ ಕಣ್ಣಿಗೆ ಬೀಳದಂತೆ ಮಾಡುವುದು ಇವೆಲ್ಲ ಆ ಬದುಕಿನ ಭಾಗವಾಗಿದ್ದವು. ಮಾಲೀಕನಿಗೆ ವಿಷಯ ತಿಳಿದಿರುತ್ತಿತ್ತು. ತಿಳಿಯದವನಂತೆ ಇರುವುದರಲ್ಲೇ ಅವನ ಲಾಭವಿತ್ತು.

ಎಣ್ಣೆಯ ಕಲೆಗಳಿದ್ದ, ಕೆಲವೆಡೆ ಹಳೆಯ ಯಂತ್ರಗಳೂ ಬಿದ್ದಿರುತ್ತಿದ್ದ ಆ ಬಯಲನ್ನು ತೊಳೆದು, ನೆಲದ ಮರವನ್ನು ಉಜ್ಜಿ, ಕೊಳವೆ ಎಳೆದು ಮನೆಯಾಗಿಸಿದವನು ಬಿಟ್ಟುಹೋಗುವಾಗ ಅದೆಲ್ಲವನ್ನೂ ಸುಮ್ಮನೆ ಬಿಟ್ಟುಕೊಡುತ್ತಿರಲಿಲ್ಲ. ಮುಂದೆ ಬರುವ ಬಾಡಿಗೆದಾರನಿಂದ ‘ಫಿಕ್ಸ್ಚರ್ ಫೀ’ ಎಂಬ ಹೆಸರಿನಲ್ಲಿ, ಅಂದರೆ ಜೋಡಿಸಿದ ಸಲಕರಣೆಗಳ ಬೆಲೆಯೆಂದು, ಒಂದು ಮೊತ್ತವನ್ನು ವಸೂಲು ಮಾಡುತ್ತಿದ್ದನು. ಮುಂಬಯಿಯ ಹಳೆಯ ಚಾಳುಗಳಲ್ಲಿ ಬಾಡಿಗೆಯ ಹಕ್ಕು ಕೈಬದಲಾಗುವಾಗ ಕೊಡುವ ಪಗಡಿ ಎಂಬ ಇಡಿಗಂಟಿಗೆ ಇದನ್ನು ಹೋಲಿಸಬಹುದು. ಬಡಾವಣೆಗೆ ಹೆಸರು ಬಂದಂತೆ ಈ ಮೊತ್ತವೂ ಏರಿತು. ಬಚ್ಚಲಿನ ತೊಟ್ಟಿಯ ಬೆಲೆಯೆಂದು ಕೊಟ್ಟ ಹಣ ವಾಸ್ತವದಲ್ಲಿ ಅಗ್ಗದ ಬಾಡಿಗೆಯ ಕರಾರಿಗೆ ಕೊಟ್ಟ ಬೆಲೆಯಾಯಿತು. ಹಣವಿಲ್ಲದ ಹೊಸ ಕಲಾವಿದನನ್ನು ಮೊದಲು ಹೊರಗಿಟ್ಟವರು ಮಾಲೀಕರು ಮಾತ್ರವಲ್ಲ, ಹಳೆಯ ಬಾಡಿಗೆದಾರರೂ ಹೌದು ಎಂಬ ಕಹಿಯಾದ ಮಾತನ್ನು ಇಲ್ಲಿ ಬಿಡುವಂತಿಲ್ಲ.

ಅಗ್ಗದ ದಿನಗಳಲ್ಲಿ ಆ ಬಯಲುಗಳಲ್ಲಿ ನಡೆದದ್ದು ಮಾತ್ರ ಬೇರೆಡೆ ನಡೆಯಲಾಗದಂಥದು. ಸೋಹೊದ ದಕ್ಷಿಣಕ್ಕೆ ಚೇಂಬರ್ಸ್ ಬೀದಿಯಲ್ಲಿ ಕಲಾವಿದೆ ಯೋಕೊ ಓನೊ ತಿಂಗಳಿಗೆ 50 ಡಾಲರಿನ ಆಸುಪಾಸಿನ ಬಾಡಿಗೆಗೆ ಹಿಡಿದಿದ್ದ ಲಾಫ್ಟಿನಲ್ಲಿ 1960-61ರಲ್ಲಿ ಹೊಸ ಸಂಗೀತದ ಕಛೇರಿಗಳ ಮಾಲೆ ನಡೆಯಿತು. ಅದನ್ನು ಆಕೆಯೊಡನೆ ರೂಪಿಸಿದ ಸಂಗೀತ ಸಂಯೋಜಕ ಲಾ ಮಾಂಟ್ ಯಂಗ್ ಮತ್ತು ಆತನ ಪತ್ನಿ ಮೇರಿಯನ್ ಜಝೀಲಾ ಮುಂದೆ ಚರ್ಚ್ ಬೀದಿಯ ಲಾಫ್ಟಿನಲ್ಲಿ ನೆಲೆಸಿ, 1970ರಲ್ಲಿ ಅಮೆರಿಕಕ್ಕೆ ಬಂದ ಗಾಯಕ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಂದ ಧಾರವಾಡ ಸೀಮೆಯಲ್ಲಿ ಮನೆಮಾತಾದ ಕಿರಾಣಾ ಘರಾಣೆಯ ಇನ್ನೊಂದು ಕವಲು ಹೀಗೆ ಮ್ಯಾನ್‌ಹಟನ್ನಿನ ಗೋದಾಮುಗಳ ನಡುವೆ ನೆಲೆ ಕಂಡಿತು. ವೂಸ್ಟರ್ ಬೀದಿಯ ಲಾಫ್ಟೊಂದರಲ್ಲಿ ಕಲಾವಿದ ವಾಲ್ಟರ್ ಡಿ ಮರಿಯಾ 1977ರಲ್ಲಿ 3,600 ಚದರಡಿಯ ನೆಲಕ್ಕೆ 22 ಅಂಗುಲ ದಪ್ಪ ಮಣ್ಣು ತುಂಬಿದ ‘ಅರ್ತ್ ರೂಮ್’ ಕೃತಿ ಇವತ್ತಿಗೂ ಅಲ್ಲೇ ಇದೆ.

ವಾಸವನ್ನು ಕಾನೂನಿಗೆ ಒಗ್ಗಿಸುವ ಕೆಲಸ ಕಂತುಕಂತಾಗಿ ಸಾಗಿತು. 1960ರ ಸುಮಾರಿಗೆ ಅಗ್ನಿಶಾಮಕ ಇಲಾಖೆ ಲಾಫ್ಟುಗಳನ್ನು ತೆರವು ಮಾಡಿಸಲು ಹೊರಟಾಗ ಕಲಾವಿದರು ಬಾಡಿಗೆದಾರರ ಸಂಘ ಕಟ್ಟಿಕೊಂಡು, ತಮ್ಮ ಕೃತಿಗಳ ಪ್ರದರ್ಶನವನ್ನೇ ನಿಲ್ಲಿಸುವ ಬೆದರಿಕೆ ಹಾಕಿದರು. 1961ರಲ್ಲಿ ಮೇಯರ್ ರಾಬರ್ಟ್ ವ್ಯಾಗ್ನರ್‌ನ ಆಡಳಿತದೊಡನೆ ಆದ ಒಪ್ಪಂದದಂತೆ, ವಾಸಿಸುವ ಕಲಾವಿದರು ಕಟ್ಟಡದ ಹೊರಗೆ ‘ಎ.ಐ.ಆರ್.’ ಎಂಬ ಫಲಕವನ್ನು, ಯಾವ ಅಂತಸ್ತು ಎಂಬುದರೊಡನೆ, ತೂಗುಹಾಕಬೇಕಾಯಿತು. ‘ಇಲ್ಲಿ ಕಲಾವಿದರು ವಾಸವಾಗಿದ್ದಾರೆ’ ಎಂಬುದರ ಸಂಕ್ಷೇಪವಾದ ಈ ಫಲಕದ ಉದ್ದೇಶ ಗೌರವವಲ್ಲ. ಬೆಂಕಿ ಬಿದ್ದರೆ ಯಾವ ಮಹಡಿಯಲ್ಲಿ ಜನರಿದ್ದಾರೆಂದು ಅಗ್ನಿಶಾಮಕರಿಗೆ ತಿಳಿಯಬೇಕಾಗಿತ್ತು. 1964ರಲ್ಲಿ ರಾಜ್ಯದ ಬಹುಕುಟುಂಬ ವಾಸದ ಕಾಯಿದೆಗೆ ಇಂಥ ಕಟ್ಟಡಗಳಲ್ಲಿ ಕಲಾವಿದರ ವಾಸಕ್ಕೆ ಅವಕಾಶ ಕೊಡುವ 7-ಬಿ ಎಂಬ ವಿಧಿ ಸೇರಿತು, 1971ರಲ್ಲಿ ನಗರದ ವಲಯ ನಿಯಮಗಳು ಸೋಹೊದಲ್ಲಿ ಕಲಾವಿದರ ವಾಸವನ್ನು ಒಪ್ಪಿದವು. ಆದರೆ ಕಲಾವಿದನೆಂದರೆ ಯಾರು ಎಂಬುದನ್ನು ಸರಕಾರವೇ ತೀರ್ಮಾನಿಸಬೇಕಾಗಿ ಬಂದು, ನಗರದ ಸಂಸ್ಕೃತಿ ಇಲಾಖೆ ಅರ್ಜಿ ಪಡೆದು ಪ್ರಮಾಣಪತ್ರ ಕೊಡುವ ವಿಚಿತ್ರ ವ್ಯವಸ್ಥೆ ಹುಟ್ಟಿಕೊಂಡಿತು. 1973ರಲ್ಲಿ ಬಡಾವಣೆ ಪಾರಂಪರಿಕ ಪ್ರದೇಶವೆಂದು ಘೋಷಿತವಾಯಿತು.

ಬಾಡಿಗೆಯ ಅಭದ್ರತೆಯಿಂದ ಪಾರಾಗಲು ಕೊಳ್ಳುವುದೊಂದೇ ದಾರಿ ಎಂದು ಕಂಡುಕೊಂಡವರೂ ಇದ್ದರು. ಲಿಥುವೇನಿಯಾದಲ್ಲಿ ಹುಟ್ಟಿದ, ಫ್ಲಕ್ಸಸ್ ಎಂಬ ಕಲಾಚಳವಳಿಯ ಸಂಘಟಕ ಜಾರ್ಜ್ ಮಚುನಾಸ್ 1967ರಲ್ಲಿ ವೂಸ್ಟರ್ ಬೀದಿಯ 80ನೆಯ ನಂಬರಿನ ಕಟ್ಟಡವನ್ನು ಕಲಾವಿದರ ಸಹಕಾರ ಸಂಘವಾಗಿ ಮಾಡಿದನು. ಮುಂದೆ ಇಂಥ ಹಲವನ್ನು ಕಟ್ಟಿ, ನಿಯಮಗಳನ್ನು ಲೆಕ್ಕಿಸದ್ದರಿಂದ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಕೋಪಕ್ಕೂ ಗುರಿಯಾದನು. ಶಿಲ್ಪಿ ಡೊನಾಲ್ಡ್ ಜಡ್ 1968ರಲ್ಲಿ ಸ್ಪ್ರಿಂಗ್ ಬೀದಿಯ ಐದಂತಸ್ತಿನ ಇಡೀ ಕಟ್ಟಡವನ್ನು 68,000 ಡಾಲರಿಗೆ ಕೊಂಡನು. ಅದೇ ವರ್ಷ ಪೌಲಾ ಕೂಪರ್ ಪ್ರಿನ್ಸ್ ಬೀದಿಯಲ್ಲಿ ಗ್ಯಾಲರಿ ತೆರೆದಳು, 1970ರಲ್ಲಿ ‘ಲೈಫ್’ ಪತ್ರಿಕೆ ಲಾಫ್ಟ್ ವಾಸದ ಸೊಗಸನ್ನು ದೇಶಕ್ಕೆಲ್ಲ ತೋರಿಸಿತು. ಅಲ್ಲಿಂದ ಮುಂದೆ ಮಹಡಿ ಹುಡುಕಿಕೊಂಡು ಬಂದವರಲ್ಲಿ ವಕೀಲರೂ ವೈದ್ಯರೂ ಹಣಕಾಸಿನವರೂ ಹೆಚ್ಚಿದರು. ಸಮಾಜಶಾಸ್ತ್ರಜ್ಞೆ ಶರನ್ ಝೂಕಿನ್ 1982ರ ‘ಲಾಫ್ಟ್ ಲಿವಿಂಗ್’ ಗ್ರಂಥದಲ್ಲಿ ಈ ಬದಲಾವಣೆಯನ್ನು ಕಲಾವಿದರ ಅಭಿರುಚಿಯೊಂದರಿಂದಲೇ ವಿವರಿಸಲಾಗದು, ಬಂಡವಾಳ ಮತ್ತು ನಗರದ ನೀತಿ ಎರಡೂ ಇದರ ಹಿಂದೆ ಇದ್ದವು ಎಂದು ತೋರಿಸಿದಳು. ಕೈಗಾರಿಕಾ ಕಟ್ಟಡವನ್ನು ವಾಸಕ್ಕೆ ಮಾರ್ಪಡಿಸುವವರಿಗೆ 1970ರ ದಶಕದ ನಡುವೆ ವಿಸ್ತರಿಸಿದ ಜೆ-51 ಎಂಬ ತೆರಿಗೆ ರಿಯಾಯಿತಿಯನ್ನು ನೋಡಿದರೆ ಆಕೆಯ ವಾದದ ತೂಕ ತಿಳಿಯುತ್ತದೆ.

ಬೇಡಿಕೆ ಏರಿದಾಗ ಮಾಲೀಕರು ಹಳೆಯ ಬಾಡಿಗೆದಾರರನ್ನು ಎಬ್ಬಿಸತೊಡಗಿದರು. ವಾಸವೇ ಅಕ್ರಮ ಎಂಬ ವಾದ, ಇಷ್ಟು ವರ್ಷ ಬಾಡಿಗೆ ಎಣಿಸಿಕೊಂಡವರ ಬಾಯಿಂದಲೇ ಬಂತು. ಇದಕ್ಕೆ ಉತ್ತರವಾಗಿ ರಾಜ್ಯ ಶಾಸನಸಭೆ 1982ರಲ್ಲಿ ಲಾಫ್ಟ್ ಕಾನೂನು ಎಂದು ಹೆಸರಾದ 7-ಸಿ ವಿಧಿಯನ್ನು ತಂದಿತು. 1980ರ ಏಪ್ರಿಲ್ 1ರಿಂದ 1981ರ ಡಿಸೆಂಬರ್ 1ರವರೆಗಿನ ಅವಧಿಯಲ್ಲಿ ಮೂರು ಅಥವಾ ಹೆಚ್ಚು ಸಂಸಾರಗಳು ವಾಸವಿದ್ದ ವಾಣಿಜ್ಯ ಕಟ್ಟಡಗಳನ್ನು ತಾತ್ಕಾಲಿಕ ಬಹುಕುಟುಂಬ ವಾಸಗಳೆಂದು ಗುರುತಿಸಿ, ಅವನ್ನು ಸುರಕ್ಷತೆಯ ಮಟ್ಟಕ್ಕೆ ತರುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿ, ಬಾಡಿಗೆಗೆ ಮಿತಿ ಹಾಕಿ, ವ್ಯಾಜ್ಯ ತೀರ್ಮಾನಕ್ಕೆ ಲಾಫ್ಟ್ ಬೋರ್ಡ್ ಎಂಬ ಮಂಡಳಿಯನ್ನು ಸ್ಥಾಪಿಸಲಾಯಿತು. ಕಾನೂನಿನ ಅತ್ಯಂತ ಸ್ವಾರಸ್ಯಕರ ಭಾಗ ಸಲಕರಣೆಗಳನ್ನು ಕುರಿತದ್ದು: ಬಾಡಿಗೆದಾರನು ತಾನು ಮಾಡಿಸಿದ ಸುಧಾರಣೆಗಳನ್ನು ಮುಂದಿನವನಿಗೆ ಮಾರಬಹುದು, ಆದರೆ ನ್ಯಾಯವಾದ ಬೆಲೆ ಕೊಟ್ಟು ತಾನೇ ಕೊಳ್ಳುವ ಮೊದಲ ಹಕ್ಕು ಮಾಲೀಕನದು. ಮಾಲೀಕ ಕೊಂಡರೆ ಹೊಸಬನಿಂದ ಮಾರುಕಟ್ಟೆ ದರದ ಬಾಡಿಗೆ ಪಡೆಯಲು ದಾರಿಯಾಗುತ್ತಿತ್ತು. ಗುಟ್ಟಾಗಿ ಕೈಬದಲಾಗುತ್ತಿದ್ದ ಪಗಡಿ ಹೀಗೆ ಶಾಸನದ ಪುಟಕ್ಕೆ ಬಂತು. ಅದರೊಡನೆ ಸಾಕ್ಷ್ಯದ ನಿಯಮವೂ ತಲೆಕೆಳಗಾಯಿತು: ವಾಸವನ್ನು ಮರೆಮಾಚುವುದರಲ್ಲಿ ಪಳಗಿದ್ದವರು ಈಗ ನಿಗದಿತ ತಿಂಗಳುಗಳಲ್ಲಿ ತಾವು ಅಲ್ಲೇ ಇದ್ದೆವೆಂದು ರುಜುವಾತುಪಡಿಸಬೇಕಾಯಿತು.

2010ರಲ್ಲಿಯೂ 2019ರಲ್ಲಿಯೂ ಈ ಕಾನೂನಿಗೆ ತಿದ್ದುಪಡಿಯಾಗಿ ಹೊಸ ಅವಧಿಗಳು ಸೇರಿದವು; ಸೋಹೊದಿಂದ ದೂಡಲ್ಪಟ್ಟ ಪದ್ಧತಿ ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗ್, ಬುಷ್‌ವಿಕ್ ಬಡಾವಣೆಗಳ ಗೋದಾಮುಗಳಿಗೆ ಹೋಗಿ ಅಲ್ಲಿ ಅದೇ ವ್ಯಾಜ್ಯಗಳನ್ನು ಎಬ್ಬಿಸಿತ್ತು. ಸೋಹೊದಲ್ಲಿ ಮಾತ್ರ 2021ರ ಕೊನೆಗೆ ನಗರವು ವಲಯ ನಿಯಮಗಳನ್ನು ಬದಲಿಸಿ, ಕಲಾವಿದರಿಗೆಂದು ಮೀಸಲಾದ ಮಹಡಿಯನ್ನು ಸಾಮಾನ್ಯ ವಾಸದ ಮನೆಯಾಗಿ ಪರಿವರ್ತಿಸಿಕೊಳ್ಳುವವರು ಚದರಡಿಗೆ 100 ಡಾಲರನ್ನು ಕಲೆಗೆಂದು ಮೀಸಲಿಟ್ಟ ನಿಧಿಗೆ ಕಟ್ಟಬೇಕೆಂದು ವಿಧಿಸಿತು. ಹಳೆಯ ಅಳತೆಯ 2,500 ಚದರಡಿಯ ಮಹಡಿಯೊಂದಕ್ಕೆ ಇದು ಎರಡೂವರೆ ಲಕ್ಷ ಡಾಲರಾಗುತ್ತದೆ; ಡಾಲರಿನ ಬೆಲೆ ಇಳಿದದ್ದನ್ನು ಬದಿಗಿಟ್ಟು ನೋಡಿದರೆ, ಜಡ್ ಇಡೀ ಕಟ್ಟಡಕ್ಕೆ ತೆತ್ತದ್ದರ ಮೂರೂವರೆ ಪಟ್ಟಿಗಿಂತ ಹೆಚ್ಚು. ದಶಕಗಳಿಂದ ಅಲ್ಲಿರುವವರೂ ಸೇರಿದಂತೆ ನಿವಾಸಿಗಳು ಈ ಶುಲ್ಕವನ್ನು ವಿರೋಧಿಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು.