ಪಾರ್ಕಿನ್ಸನ್ ಖಿನ್ನತೆ ಮತ್ತು ರಕ್ತದ ಹಾರ್ಮೋನ್ ಸೂಚಕಗಳು

ಪಾರ್ಕಿನ್ಸನ್ ರೋಗಿಗಳ ಖಿನ್ನತೆಯನ್ನು ರಕ್ತದ ಹಾರ್ಮೋನ್ ಅಳೆದು ಗುರುತಿಸುವ ಯತ್ನಕ್ಕೆ ಸುಮಾರು ಅರ್ಧ ಶತಮಾನದ ಚರಿತ್ರೆಯಿದೆ. 1817ರಲ್ಲಿ ಈ ಕಾಯಿಲೆಯನ್ನು ವರ್ಣಿಸಿದ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್, ರೋಗಿಯ ಬುದ್ಧಿಗೆ ಧಕ್ಕೆಯಿಲ್ಲವೆಂದರು. ವೈದ್ಯರ ಗಮನ ಬಹುಕಾಲ ನಡುಕದ ಮೇಲೆಯೇ ನಿಂತಿತು. ಆದರೆ ಸುಮಾರು ಮೂರನೇ ಒಂದು ಪಾಲು ರೋಗಿಗಳಲ್ಲಿ ಖಿನ್ನತೆಯ ಲಕ್ಷಣಗಳಿರುತ್ತವೆ; ಕೆಲವರಲ್ಲಿ ಅವು ಕೈ ನಡುಗುವ ಮೊದಲೇ ತಲೆದೋರುತ್ತವೆ.

ಪಾರ್ಕಿನ್ಸನ್ ಮತ್ತು ಖಿನ್ನತೆಯ ನಂಟನ್ನು ಬಯಲಿಗೆ ತಂದದ್ದು ಸರ್ಪಗಂಧಿಯ ಬೇರು. ಅದು ರಕ್ತದೊತ್ತಡ ಇಳಿಸುತ್ತದೆಂದು ಮುಂಬಯಿಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ವರದಿ ಮಾಡಿದರು. 1952ರಲ್ಲಿ ಅದರಿಂದ ಬೇರ್ಪಡಿಸಿದ ರೆಸರ್ಪಿನ್ ಸೇವಿಸಿದ ಕೆಲವರು ಖಿನ್ನರಾದರು, ಕೆಲವರ ಮೈ ಪಾರ್ಕಿನ್ಸನ್ ರೋಗಿಯಂತೆ ಬಿಗಿಯಿತು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್, ರೆಸರ್ಪಿನ್‌ನಿಂದ ಜಡವಾದ ಪ್ರಾಣಿಗಳನ್ನು, ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವಾಗಿ ಮಾರ್ಪಡುವ ಡೋಪಾ ಕೊಟ್ಟು ಎಬ್ಬಿಸಿದರು.

ಡೋಪಾದ ಒಂದು ರೂಪವಾದ ಎಲ್-ಡೋಪಾವನ್ನು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ನಸುಗುನ್ನಿ ಬೀಜದಿಂದ ತೆಗೆದಿದ್ದರು. ಮುಟ್ಟಿದರೆ ಮೈ ತುರಿಸುವ ಈ ಬಳ್ಳಿ ಮರಾಠಿಗರ ಖಾಜಕುಯಿಲಿ. 1978ರಲ್ಲಿ ಮುಂಬಯಿಯ ಸಂಶೋಧಕರು ಇದರ ಬೀಜವನ್ನು ಪಾರ್ಕಿನ್ಸನ್ ರೋಗಿಗಳಿಗೆ ಕೊಟ್ಟು ನೋಡಿದರು. ಮಾನಸಿಕ ರೋಗದ ಔಷಧಿಯಿಂದ ರಕ್ತದಲ್ಲಿ ಏರಿದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಅದರಿಂದ ಇಳಿಯಿತೆಂದೂ ವರದಿಯಾಯಿತು. ಡೋಪಮೈನ್ ಪಿಟ್ಯುಟರಿ ಗ್ರಂಥಿಯ ಪ್ರೊಲ್ಯಾಕ್ಟಿನ್‌ಗೆ ಕಡಿವಾಣ. ಹಾಗಾದರೆ ಪ್ರೊಲ್ಯಾಕ್ಟಿನ್ ಅಳೆದು ಮಿದುಳಿನ ಡೋಪಮೈನ್ ತಿಳಿಯಬಹುದಲ್ಲ ಎಂಬ ಆಸೆ ಸಹಜವೇ. ಆದರೆ ಪಿಟ್ಯುಟರಿಯ ಡೋಪಮೈನ್ ಬರುವುದು ಹೈಪೊಥಲಾಮಸ್‌ನಿಂದ. ಪಾರ್ಕಿನ್ಸನ್‌ನಲ್ಲಿ ಸಾಯುವ ಕೋಶಗಳು ನಡುಮಿದುಳಿನವು. ದಾರಿಗಳೇ ಬೇರೆ.

1981ರಲ್ಲಿ ಬರ್ನಾರ್ಡ್ ಕ್ಯಾರಲ್ ತಂಡ ಖಿನ್ನತೆಗೆ ಡೆಕ್ಸಾಮೆಥಸೋನ್ ಪರೀಕ್ಷೆಯನ್ನು ಮುಂದಿಟ್ಟಿತು. ಆ ಔಷಧಿ ಕೊಟ್ಟ ಮೇಲೂ ರಕ್ತದಲ್ಲಿ ಕಾರ್ಟಿಸೋಲ್ ಹಾರ್ಮೋನ್ ತಗ್ಗದಿದ್ದರೆ ಖಿನ್ನತೆ ಎಂಬ ಲೆಕ್ಕ. ಮರೆವಿನ ಕಾಯಿಲೆ, ತೂಕ ಇಳಿಕೆ, ಇತರ ಔಷಧಿಗಳೂ ಫಲಿತಾಂಶ ಕೆಡಿಸುವುದರಿಂದ ವಯಸ್ಸಾದ ರೋಗಿಗಳಲ್ಲಿ ಅದು ನೆಚ್ಚಿಕೆಗೆ ಬಾರದಾಯಿತು. ಪುರುಷ ಹಾರ್ಮೋನಾದ ಟೆಸ್ಟೊಸ್ಟೆರಾನ್ ಮೇಲಿನ ಆಸೆಯೂ ಹಾಗೇ ಕರಗಿತು. ಉಳಿದದ್ದು ಥೈರಾಯ್ಡ್ ಪರೀಕ್ಷೆ, ಅದೂ ಖಿನ್ನತೆ ಹಿಡಿಯಲಿಕ್ಕಲ್ಲ: ಥೈರಾಯ್ಡ್ ಕೊರತೆಯೂ ಮುಖವನ್ನು ಮಂಕಾಗಿಸಿ ನಡೆಯನ್ನು ನಿಧಾನಿಸುವುದರಿಂದ, ಅದಲ್ಲವೆಂದು ಖಾತರಿಪಡಿಸಿಕೊಳ್ಳಲು.

ಹೀಗಾಗಿ ಇಂದಿಗೂ ರೋಗನಿರ್ಣಯ ನಡೆಯುವುದು ರೋಗಿಯನ್ನು ಮಾತನಾಡಿಸಿ. ಆಗ ಯಾವ ಭಾಷೆಯಲ್ಲಿ ಎಂಬುದೂ ಮುಖ್ಯ. 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದು ಈಗ ಮಹಾರಾಷ್ಟ್ರದಲ್ಲಿರುವ ನಿಲಂಗಾ, ಉದಗೀರಗಳಲ್ಲೂ ನೆರೆಯ ಉಮರ್ಗಾದಲ್ಲೂ ಕನ್ನಡ ಮನೆಮಾತಿನವರಿದ್ದಾರೆ. ಅಲ್ಲಿನ ಆಡಳಿತದ ಭಾಷೆ ಮರಾಠಿ. ಅಂಥ ಮನೆಯ ಹಿರಿಯರನ್ನು ನಿದ್ದೆ, ಹಸಿವು, ಬೇಸರದ ಬಗ್ಗೆ ಕನ್ನಡದಲ್ಲೇ ಕೇಳುವುದು ಪ್ರಯೋಗಾಲಯದ ಚೀಟಿಗಿಂತ ಹೆಚ್ಚು ತಿಳಿಸೀತು.