ಮಹಿಳಾಶ್ರಮ ಹೈಸ್ಕೂಲ್, ಪುಣೆ

ಪುಣೆಯ ಕೋಥರೂಡಕ್ಕೆ ತಾಗಿದ ಕರ್ವೆನಗರದಲ್ಲಿರುವ ಹೆಣ್ಣುಮಕ್ಕಳ ಶಾಲೆ. ಊರಿನ ಹಳೆಯ ಹೆಸರು ಹಿಂಗಣೆ ಬುದ್ರುಕ್. ಮಹರ್ಷಿ ಕರ್ವೆ ಸ್ತ್ರೀ ಶಿಕ್ಷಣ ಸಂಸ್ಥೆ ಇದನ್ನು ನಡೆಸುತ್ತದೆ.

ಶಾಲೆಯ ಬೇರು ವಿಧವೆಯರ ಆಶ್ರಮದಲ್ಲಿದೆ. ಧೋಂಡೊ ಕೇಶವ ಕರ್ವೆ (1858–1962) ಪತ್ನಿ ತೀರಿಕೊಂಡ ಮೇಲೆ, 1893ರಲ್ಲಿ, ಬಾಲವಿಧವೆ ಗೋದೂಬಾಯಿಯವರನ್ನು ಮದುವೆಯಾದರು. ಹುಟ್ಟೂರು ಮುರುಡದ ಜನ ಅವರಿಗೆ ಬಹಿಷ್ಕಾರ ಹಾಕಿದರು. ಕರ್ವೆ ಎದೆಗುಂದಲಿಲ್ಲ, 1896ರಲ್ಲಿ ವಿಧವೆಯರಿಗಾಗಿ ಆಶ್ರಮ ತೆರೆದರು. 1900ರಲ್ಲಿ ಅದು ಹಿಂಗಣೆಗೆ ಬಂತು. ಆಗ ಅಲ್ಲಿದ್ದದ್ದು ಒಂದು ಗುಡಿಸಲು, ಸುತ್ತಲೂ ಬಯಲು. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಪಾಠ ಮುಗಿಸಿ ಕರ್ವೆ ನಡೆದುಕೊಂಡೇ ಇಲ್ಲಿಗೆ ಬಂದು ಕಲಿಸುತ್ತಿದ್ದರು. ಗುಡಿಸಲನ್ನು ಇಂದಿಗೂ ಜೋಪಾನ ಮಾಡಿದ್ದಾರೆ. ಶಾಲೆಯ ಕಟ್ಟಡಗಳಿಗಿಂತ ಮೊದಲು ನೋಡಬೇಕಾದದ್ದು ಅದನ್ನೇ.

ಆಶ್ರಮ ವಿಧವೆಯರಿಗಷ್ಟೇ ಮೀಸಲಾಗಿತ್ತು. ಉಳಿದ ಹುಡುಗಿಯರೂ ಓದಲೆಂದು 1907ರಲ್ಲಿ ಮಹಿಳಾ ವಿದ್ಯಾಲಯ ಆರಂಭವಾಯಿತು. 1916ರಲ್ಲಿ ಇದೇ ನೆಲದಲ್ಲಿ ಮಹಿಳಾ ವಿಶ್ವವಿದ್ಯಾಲಯ ಹುಟ್ಟಿತು. ಅಲ್ಲಿ ಪಾಠ ಮಾತೃಭಾಷೆಯಲ್ಲಿ ನಡೆಯಬೇಕೆಂಬ ಕರ್ವೆಯವರ ನಿಲುವು ಆ ಕಾಲಕ್ಕೆ ದೊಡ್ಡ ಧೈರ್ಯ. 1920ರಲ್ಲಿ ಉದ್ಯಮಿ ವಿಠ್ಠಲದಾಸ ಠಾಕರಸಿ 15 ಲಕ್ಷ ರೂಪಾಯಿ ದಾನ ಕೊಟ್ಟರು. ಅವರ ತಾಯಿ ನಾಥಿಬಾಯಿಯ ಹೆಸರು ವಿಶ್ವವಿದ್ಯಾಲಯಕ್ಕೆ ಬಂತು. ಮುಂದೆ ಅದರ ಕೇಂದ್ರ ಮುಂಬಯಿಗೆ ಹೋಯಿತು, ಹೆಣ್ಣುಮಕ್ಕಳ ಶಾಲೆ ಹಿಂಗಣೆಯಲ್ಲೇ ಉಳಿಯಿತು.

ಕರ್ವೆಯವರಿಗೆ 1958ರಲ್ಲಿ, ನೂರನೆಯ ವಯಸ್ಸಿನಲ್ಲಿ, ಭಾರತರತ್ನ ಸಂದಿತು. ಪುಣೆಯ ಡೆಕ್ಕನ್ ಜಿಮ್ಖಾನಾ ಕಡೆಯಿಂದ ಕೋಥರೂಡಕ್ಕೆ ಹೋಗುವ ಮುಖ್ಯ ರಸ್ತೆಗೆ ಕರ್ವೆ ರಸ್ತೆಯೆಂದೇ ಹೆಸರು.